ಸರತಿಯಲ್ಲಿ ನಿಂತ ನೀಲಿ ಹೂವಿನ ಕ್ಯಾರಿಯರ್

ನಾನು ಒಂದು ಊಟದ ಕ್ಯಾರಿಯರ್. ಮೂರು ಡಬ್ಬಿ, ಒಂದು ಮುಚ್ಚಳ, ಅವನ್ನೆಲ್ಲ ಬಿಗಿಯಾಗಿ ಹಿಡಿದಿಡುವ ಒಂದು ಹಿಡಿ. ತಗಡನ್ನು ಬಗ್ಗಿಸಿ ನನ್ನನ್ನು ರೂಪಿಸಿದರು. ಗಾಜಿನಂತೆ ಹೊಳೆಯುವ ಬಣ್ಣ ಹಚ್ಚಿ ಕುಲುಮೆಯಲ್ಲಿ ಸುಟ್ಟರು. ಹೊರಬಂದಾಗ ನನ್ನ ಬಿಳಿ ಮೈತುಂಬ ನೀಲಿ ಹೂಗಳಿದ್ದವು.

ಮಲೇಷ್ಯಾದ ಮಲಕ್ಕಾ ಪಟ್ಟಣದ ಅಂಗಡಿಯೊಂದರಲ್ಲಿ ತೂಗಾಡುತ್ತಿದ್ದ ನನ್ನನ್ನು ಯಾರೋ ಕೊಂಡು ಹಸ್ನಾ ಎಂಬ ಹುಡುಗಿಗೆ ಮದುವೆಯ ಉಡುಗೊರೆ ಕೊಟ್ಟರು. ಅವಳ ಗಂಡ ರಬ್ಬರ್ ತೋಟದಲ್ಲಿ ಕೆಲಸ ಮಾಡುತ್ತಿದ್ದ. ಅವನ ಬುತ್ತಿ ಹೊತ್ತು ನಾನು ಎಷ್ಟೋ ವರ್ಷ ತೋಟಕ್ಕೆ ಹೋಗಿಬಂದೆ. ಅವನು ತೀರಿಕೊಂಡ ಮೇಲೆ ಅಡುಗೆಮನೆಯ ಹಲಗೆ ಸೇರಿದೆ. ಹಸ್ನಾ ಅಜ್ಜಿಯಾದಳು. ಮೊಮ್ಮಗಳು ರೋಹಾನಿ ಅವಳನ್ನು ನೆನೆಕ್ ಎಂದು ಕರೆಯುತ್ತಿದ್ದಳು. ಅಲ್ಲಿ ಅಜ್ಜಿಗೆ ಹಾಗೆನ್ನುತ್ತಾರೆ.

ನನ್ನನ್ನು ಹಲಗೆಯಿಂದ ಇಳಿಸಿದವಳು ರೋಹಾನಿ. ಅವಳು ಶಾಲೆಯನ್ನು ಬೇಗ ಬಿಟ್ಟಿದ್ದಳು. ಯಾರಾದರೂ ಮಾತನಾಡಿಸಿದರೆ ಅವಳ ಕಣ್ಣು ನೆಲ ನೋಡುತ್ತಿತ್ತು. ಊರಿನ ಅಂಚಿನಲ್ಲಿ ಲೇಹಾ ಎಂಬಾಕೆಯ ತಿಂಡಿ ಅಂಗಡಿ. ಅಲ್ಲಿಗೆ ಹೋಗುವಾಗಲೆಲ್ಲ ಅವಳು ನನ್ನನ್ನು ಜೊತೆಗೆ ಒಯ್ಯತೊಡಗಿದಳು.

ಲೇಹಾ ಮಾಡುತ್ತಿದ್ದದ್ದು ಕೆರಿಯಾ ಒಂದೇ. ಬೇಯಿಸಿದ ಸಿಹಿಗೆಣಸನ್ನು ನಾದಿ, ಬಳೆಯಂತೆ ತಟ್ಟಿ, ಎಣ್ಣೆಯಲ್ಲಿ ಕರಿದು, ಆಮೇಲೆ ಪಾಕದಲ್ಲಿ ಹೊರಳಿಸುತ್ತಾರೆ. ಪಾಕ ಒಣಗಿ ಮೇಲೆ ಬಿಳಿಯ ಪದರ ಕಟ್ಟುವವರೆಗೆ ಕೈ ಬಿಡುವಂತಿಲ್ಲ. ಅದಕ್ಕಾಗಿ ಬಿಸಿಲಿನಲ್ಲೂ ಜನ ಸಾಲುಗಟ್ಟುತ್ತಿದ್ದರು. ನಿಜವಾಗಿ ಹೇಳಬೇಕೆಂದರೆ ಸಾಲಿನಲ್ಲಿ ನಿಲ್ಲುತ್ತಿದ್ದವರು ನಾವು, ಪಾತ್ರೆಗಳು. ಜನ ನಮ್ಮನ್ನು ಒಂದರ ಹಿಂದೊಂದು ನೆಲದ ಮೇಲಿಟ್ಟು, ಕಾಡುಬಾದಾಮಿ ಮರದ ನೆರಳಿಗೆ ಹೋಗಿ ಹರಟುತ್ತಿದ್ದರು. ಪಾತ್ರೆಗೆ ಹತ್ತೇ ಕೆರಿಯಾ. ಒಬ್ಬರ ಪಾತ್ರೆಯನ್ನು ಇನ್ನೊಬ್ಬರು ಕದಲಿಸುವಂತಿಲ್ಲ. ಬಾಯಿಬಿಡದೆ ಕೊಳ್ಳಬಹುದಾದ ಈ ಸಾಲು ರೋಹಾನಿಗೆ ಹಿಡಿಸಿತ್ತು.

ಅವಳನ್ನು ನೋಡಲು ಬಂದ ಎರಡು ಮನೆಯವರು ಸುಮ್ಮನೆ ಹಿಂದಿರುಗಿದ್ದರು. “ಹುಡುಗಿಗೆ ಮಾತೇ ಇಲ್ವಲ್ಲ” ಎಂದಿದ್ದರಂತೆ. ಮೂರನೆಯವರು ಬರುವ ಸುದ್ದಿ ಬಂದಾಗ ನೆನೆಕ್ ಮುಂಚಿತವಾಗಿಯೇ ಹೇಳಿಕಳಿಸಿದಳು: ನಮ್ಮ ಹುಡುಗಿ ಕರಿದ ಕೆರಿಯಾ ತಿನ್ನೋಕಾದರೂ ಬನ್ನಿ.

ಅವರು ಬರುವ ದಿನ ರೋಹಾನಿ ಬೆಳಿಗ್ಗೆಯೇ ಒಲೆ ಹಚ್ಚಿದಳು. ಹಿಟ್ಟು ಅಂಟುತ್ತದೆಂದು ಮೈದಾ ಸುರಿದಳು, ಇನ್ನೂ ಅಂಟಿತೆಂದು ಮತ್ತೆ ಸುರಿದಳು. ಕರಿದದ್ದನ್ನು ನೆನೆಕ್ ಕಚ್ಚಿ ನೋಡಿದಳು.

“ಇದನ್ನ ಬಡಿಸಿದ್ರೆ ಹಲ್ಲು ಮುರ್ಕೊಂಡು ಹೋಗ್ತಾರೆ. ಕ್ಯಾರಿಯರ್ ತಗೊ, ಲೇಹಾ ಅಂಗಡಿಗೆ ಓಡು. ಈ ಮನೆಯೂ ತಪ್ಪಿಹೋದ್ರೆ ನಾನೇನು ಮಾಡ್ಲಿ?”

ಅಂದು ಸಾಲು ಉದ್ದವಿತ್ತು. ನನ್ನ ಹಿಂದೆ ನೆಗ್ಗಿದ ಅಲ್ಯೂಮಿನಿಯಂ ಪಾತ್ರೆಯೊಂದು ಬಂದು ಕೂತಿತು. ಇನ್ನೇನು ನನ್ನ ಸರದಿ ಅನ್ನುವಾಗ, ಕಾರಿನಿಂದಿಳಿದ ಒಬ್ಬ ಗಂಡಸು ನನ್ನನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ತನ್ನ ಪ್ಲಾಸ್ಟಿಕ್ ಡಬ್ಬಿಯನ್ನಿಟ್ಟ. ಮರದಡಿಯಿಂದ ರೋಹಾನಿ ನೋಡಿದಳು. ತುಟಿ ಅಲುಗಿತು, ಸ್ವರ ಬರಲಿಲ್ಲ.

“ಏ ತಮ್ಮಾ!” ಆಚೆ ಕೂತಿದ್ದ ದಪ್ಪ ಹೆಂಗಸೊಬ್ಬಳು ಕೂಗಿದಳು. “ಆ ನೀಲಿ ಹೂ ನಿನಗಿಂತ ಮೊದ್ಲು ಬಂದಿದೆ. ಅದಕ್ಕೆ ಬಾಯಿಲ್ಲ ಅಂತ ಒದೀತೀಯಾ? ನನಗಿದೆ ಬಾಯಿ, ಬೇಕಾ?”

ಎಲ್ಲರೂ ನಕ್ಕರು. ಅವನು ಡಬ್ಬಿ ಎತ್ತಿಕೊಂಡು ಹಿಂದಕ್ಕೆ ಹೋದ.

“ಯಾರದು ನೀಲಿ ಹೂ? ಬೇಗ ಬನ್ನಿ, ಆರಿಹೋಗುತ್ತೆ!” ಎಂದಳು ಲೇಹಾ. ರೋಹಾನಿ ತಲೆವಸ್ತ್ರವನ್ನು ಕಣ್ಣಿನವರೆಗೆ ಎಳೆದುಕೊಂಡು ಬಂದಳು. ನನ್ನನ್ನು ತುಂಬಿಸಿಕೊಂಡು, ಆ ಹೆಂಗಸಿನತ್ತ ತಿರುಗಿಯೂ ನೋಡದೆ ಓಡಿದಳು.

ಸಂಜೆ ನಾನು ಅಡುಗೆಮನೆಯಲ್ಲಿ ಬೋರಲು ಮಲಗಿದ್ದೆ. ಹೊರಗೆ ಅತಿಥಿಗಳು ಬಂದರು. ಹುಡುಗನ ತಾಯಿಯ ದನಿ ಕೇಳಿದ್ದೇ ತಡ, ರೋಹಾನಿ ತಟ್ಟೆ ಹಿಡಿದುಕೊಂಡೇ ಬಾಗಿಲ ಸಂದಿಯಿಂದ ಇಣುಕಿದಳು. ನನಗೂ ಗುರುತು ಸಿಕ್ಕಿತು. ಸಾಲಿನಲ್ಲಿ ನನ್ನ ಪರವಾಗಿ ಕೂಗಿದ ಅದೇ ಬಾಯಿ! ಹೆಸರು ತೀಜಾ. ಹಿರಿಯ ಹೆಂಗಸರನ್ನು ಅಲ್ಲಿ ಮಕ್‌ಚಿಕ್ ಎನ್ನುತ್ತಾರೆ, ಚಿಕ್ಕಮ್ಮ ಎಂದಂತೆ.

“ತಗೊಳ್ಳಿ ತೀಜಾ,” ನೆನೆಕ್ ಉಪಚರಿಸಿದಳು. “ಬೆಳಿಗ್ಗೆಯಿಂದ ಒಲೆ ಮುಂದೆಯೇ ಇದ್ಲು ನಮ್ಮ ಹುಡುಗಿ.”

ತೀಜಾ ಒಂದನ್ನು ತಿಂದು, ಇನ್ನೊಂದಕ್ಕೆ ಕೈ ಹಾಕಿದಳು. “ಪದರ ಎಷ್ಟು ಚೆನ್ನಾಗಿ ಕೂತಿದೆ! ಪಾಕ ಎಷ್ಟು ಹೊತ್ತು ತಿರುವಿದೆ ಮಗಳೇ?”

ರೋಹಾನಿ ಎದ್ದು ಒಳಗೆ ಬಂದಳು. ನೀರು ತೊಟ್ಟಿಕ್ಕುತ್ತಿದ್ದ ನನ್ನನ್ನು ಎತ್ತಿ ತಂದು ತೀಜಾಳ ಮುಂದೆ ಚಾಪೆಯ ಮೇಲಿಟ್ಟಳು.

“ನಾನು ಕರಿದದ್ದಲ್ಲ ಮಕ್‌ಚಿಕ್. ನಾನು ಮಾಡಿದ್ದು ಕಲ್ಲಾಗಿತ್ತು. ಇದು ಲೇಹಾ ಅವರದು. ಅಲ್ಲಿ ಇದರ ಪರವಾಗಿ ನೀವು ಮಾತಾಡಿದ್ರಿ, ನಾನು ಏನೂ ಹೇಳದೆ ಬಂದುಬಿಟ್ಟೆ.”

ಅವಳು ಅಷ್ಟೊಂದು ಮಾತನ್ನು ಒಟ್ಟಿಗೆ ಆಡಿದ್ದನ್ನು ನಾನು ಕೇಳಿದ್ದೇ ಇಲ್ಲ. ನೆನೆಕ್ ತಲೆವಸ್ತ್ರದ ತುದಿಯಿಂದ ಮುಖ ಮುಚ್ಚಿಕೊಂಡಳು.

ತೀಜಾ ನನ್ನನ್ನೇ ದಿಟ್ಟಿಸಿದಳು. ಆಮೇಲೆ ತಾನು ತಂದಿದ್ದ ಬುಟ್ಟಿಯ ಬಟ್ಟೆ ಸರಿಸಿದಳು. ಒಳಗಿತ್ತು ನೆಗ್ಗಿದ ಆ ಅಲ್ಯೂಮಿನಿಯಂ ಪಾತ್ರೆ. ಅದರ ತುಂಬ ಕೆರಿಯಾ.

“ನಾನೇ ಕರಿದದ್ದು ಅನ್ನೋಣ ಅಂತಿದ್ದೆ ಕಣೇ,” ಎಂದಳು. “ನೀನು ಬಾಯಿ ಬಿಟ್ಟು ನನ್ನ ಮಾನ ಉಳಿಸಿದೆ.”

ಮೊದಲು ನಕ್ಕವಳು ನೆನೆಕ್.

ಮದುವೆಯಾಗಿ ರೋಹಾನಿ ನನ್ನನ್ನೂ ಆ ಮನೆಗೆ ಒಯ್ದಳು. ಅತ್ತೆ ಸೊಸೆ ಒಂದೇ ಮನೆಯವರಾದರೂ ಸಾಲಿಗೆ ಎರಡು ಪಾತ್ರೆ ತರುತ್ತಿದ್ದರು. ಪಾತ್ರೆಗೆ ಹತ್ತೇ ತಾನೆ! ರೋಹಾನಿಯ ಕೈಯ ಕೆರಿಯಾ ಇಂದಿಗೂ ಗಟ್ಟಿಯೇ.

ಈಗ ನನಗೆ ವಯಸ್ಸಾಗಿದೆ. ಹೂಗಳು ಉದುರಿ ತುಕ್ಕು ಕಾಣುತ್ತಿದೆ, ತಳದ ಡಬ್ಬಿ ತೂತಾಗಿದೆ. ಅಂಗಡಿ ಲೇಹಾಳ ಮಗಳದು. ಕಾಗದದ ಪೊಟ್ಟಣದಲ್ಲಿ ಕೊಡುತ್ತಾಳೆ. ಆದರೂ ಜಾಗ ಹಿಡಿಯಲು ನಾವೇ ಬೇಕು. ಗಾಳಿಗೆ ಉರುಳದಿರಲೆಂದು ರೋಹಾನಿ ನನ್ನೊಳಗೊಂದು ಕಲ್ಲಿಟ್ಟು ನಿಲ್ಲಿಸುತ್ತಾಳೆ. ತೀಜಾಗೆ ಈಗ ನಡೆಯಲಾಗುವುದಿಲ್ಲ; ಅವಳ ಪಾತ್ರೆ ಮಾತ್ರ ತಪ್ಪದೆ ನನ್ನ ಹಿಂದೆ ಕೂರುತ್ತದೆ.

ಮೊನ್ನೆ ನಮ್ಮ ಮುಂದಿದ್ದ ಯಾರದೋ ಪುಟ್ಟ ಬೋಗುಣಿಯನ್ನು ಒಬ್ಬಾಕೆ ಕಾಲಿನಿಂದ ಸರಿಸಿದಳು. ಮರದ ನೆರಳಿನಿಂದ ದನಿಯೊಂದು ಎದ್ದಿತು.

“ಏ ತಂಗೀ! ಆ ಬೋಗುಣಿ ನಿನಗಿಂತ ಮೊದ್ಲು ಬಂದಿದೆ!”

ತೀಜಾಳ ದನಿಯೇ ಅಂದುಕೊಂಡೆ. ಅದು ರೋಹಾನಿಯದು.

ಬುತ್ತಿ ಹೊರುವ ಕಾಲ ಮುಗಿಯಿತು. ನಿಲ್ಲುವ ಕೆಲಸ ಇನ್ನೂ ಇದೆ, ನಿಂತಿದ್ದೇನೆ.