ನುಣ್ಣನೆಯ ಬಿಳಿ ಪುಡಿ

ಚಿಗವ್ವ ಸೀಗೆಪುಡಿ ಹಚ್ಚಿ ಸತ್ತ ಅಕ್ಕನ ಬೆರಳು ತಿಕ್ಕುತ್ತಲೇ ಇದ್ದಳು. ಕಸ್ತೂರೆಮ್ಮನ ಬೆರಳಿಗೆ ಹತ್ತಿದ್ದ ನೇರಳೆ ಹಣ್ಣಿನ ಬಣ್ಣ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

"ಬಿಡಬೇ ಚಿಗವ್ವ, ಅದು ಹೋಗೂದಿಲ್ಲ," ಎಂದಳು ಮಗಳು ಶೇಖರಮ್ಮ.

"ಇಂಥಾ ಕೈಯಾಗ ಲಿಂಗ ಇಡಾಕ ಬರ್ತೈತೇನು?"

"ದುಡಿದ ಕೈ ಐತಿ. ಇರ್ಲಿ."

ಕಸ್ತೂರೆಮ್ಮನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದರು. ಶೇಖರಮ್ಮ ಒಳಗಿನಿಂದ ಹೊಸ ಸೀರೆ ತರುವಷ್ಟರಲ್ಲಿ ಕರಿಬಸಯ್ಯಸ್ವಾಮಿ ಅವಳ ತಾಯಿಯ ಹಣೆ ತುಂಬ ಬಿಳುಪು ಬಳಿದಾಗಿತ್ತು. ಅವರ ಕೈಯಲ್ಲಿ ದೇವರ ಜಗುಲಿಯ ಮೇಲಿದ್ದ ಸಣ್ಣ ಡಬ್ಬಿ.

"ಎಂಥಾ ನುಣ್ಣನ ವಿಭೂತಿ ಐತವ್ವ!" ಎಂದರು ಸ್ವಾಮಿ.

ಶೇಖರಮ್ಮ ಡಬ್ಬಿ ಇಸಿದುಕೊಂಡು ನೋಡಿದಳು, ಬರಿದಾಗಿತ್ತು.

*

ಅದು ವಿಭೂತಿಯಲ್ಲ, ಟೈಟೇನಿಯಂ ಆಕ್ಸೈಡ್. ಮಸ್ಕಿಯಿಂದ ದಿನಾ ಸಿಂಧನೂರಿಗೆ ಹೋಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ಶೇಖರಮ್ಮ, ತೊಂಬತ್ತಾರರ ಅದೇ ಬೇಸಿಗೆಯಲ್ಲಿ ಗುಲ್ಬರ್ಗದ ತನ್ನ ಗುರುಗಳನ್ನು ಕಾಡಿ ಬೇಡಿ ತಂದಿದ್ದ ಪುಡಿ. ಅದನ್ನು ಗಾಜಿಗೆ ಬಳಿದು, ಕಾಯಿಸಿ, ಹಣ್ಣಿನ ರಸದಲ್ಲಿ ಅದ್ದಿದರೆ ಬಿಸಿಲಿನಿಂದ ಕರೆಂಟು ಹುಟ್ಟಿಸಬಹುದೆಂದು ಓದಿದ್ದಳು.

"ಇಷ್ಟು ಸಣ್ಣ ಪುಡಿ ಯಾಕಬೇ?" ಎಂದು ಕಸ್ತೂರೆಮ್ಮ ಕೇಳಿದ್ದಳು.

"ಕಣ ಸಣ್ಣ ಇದ್ದಷ್ಟು ಬಣ್ಣ ಹೆಚ್ಚು ಹಿಡೀತೈತಿ ಯವ್ವಾ. ಬಣ್ಣ ಬಿಸಲು ಹಿಡೀತೈತಿ."

ಕಸ್ತೂರೆಮ್ಮನಿಗೆ ಅಷ್ಟೇ ಸಾಕಾಯಿತು. ಮಗಳು ಬಸ್ಸು ಹತ್ತಿದ ಮೇಲೆ ನೇರಳೆ ಹಿಂಡುತ್ತ ಕೂರುತ್ತಿದ್ದಳು. ರೊಟ್ಟಿಯ ಹೆಂಚಿನ ಮೇಲೆ ಗಾಜು ಕಾಯಿಸುವುದೂ ಅವಳದೇ ಉಪಾಯ. ಕೆಲವು ಒಡೆದವು, ಉಳಿದವು ಚೆಂದಾಗಿ ಬಣ್ಣ ಕುಡಿದವು. ಆದರೆ ಕರೆಂಟು ಅಳೆಯುವ ಮೀಟರಿನ ಮುಳ್ಳು ಅಲುಗಲಿಲ್ಲ. ಕಡೆಗೆ ಪುಡಿ ಉಳಿದದ್ದು ಒಂದು ಗಾಜಿಗೆ ಸಾಲುವಷ್ಟು. ಯಾರೂ ಕೈ ಹಚ್ಚದಿರಲೆಂದು ಕಸ್ತೂರೆಮ್ಮನೇ ಅದನ್ನು ಜಗುಲಿಯ ಮೇಲಿಟ್ಟಿದ್ದಳು.

"ಮುಳ್ಳು ಒಂದ್ಸಲ ಅಲ್ಲಾಡಿದ್ದು ನೋಡಬೇಕು ನೋಡು ನಾ," ಎನ್ನುತ್ತಿದ್ದಳು.

*

ವಿಷಯ ತಿಳಿದು ಕರಿಬಸಯ್ಯಸ್ವಾಮಿಯ ಮುಖ ಸಣ್ಣದಾಯಿತು. ಸೋದರಮಾವ ಅಮರಗುಂಡಪ್ಪ ಹತ್ತಿರ ಬಂದ.

"ಮೆಲ್ಲಕ ಒರಸಿ ಡಬ್ಬಿಗೆ ಹಾಕೂನೇನವ್ವ? ಮತ್ತ ಸಿಗತೈತೋ ಇಲ್ಲೋ."

ಶೇಖರಮ್ಮ ತಾಯಿಯ ಹಣೆಯನ್ನೇ ನೋಡಿದಳು. ಬೆಳಗಿನಿಂದ ತಡೆದಿದ್ದ ಅಳು ಈಗ ಒತ್ತರಿಸಿ ಬಂತು.

"ಬ್ಯಾಡ ಮಾವ. ಅದು ಅಕೀದೂ ಐತಿ."

ಅಂಗಳದಲ್ಲಿ ಹೂವು ಕಟ್ಟಿದ ಬಿದಿರಿನ ವಿಮಾನದಲ್ಲಿ ಕಸ್ತೂರೆಮ್ಮನನ್ನು ಕೂರಿಸಿದರು. ನೇರಳೆ ಬೆರಳುಗಳ ನಡುವೆ ಲಿಂಗವಿತ್ತು. ಬಿಸಿಲು ಚುರುಗುಟ್ಟುತ್ತಿತ್ತು. ಅಮರಗುಂಡಪ್ಪ ಕೊಡೆ ಬಿಚ್ಚಿ ಅಕ್ಕನ ತಲೆಯ ಮೇಲೆ ಹಿಡಿದ.

"ಕೊಡೆ ಮುಚ್ಚು ಮಾವ," ಎಂದಳು ಶೇಖರಮ್ಮ. "ಯವ್ವನ ಮ್ಯಾಲೆ ಬಿಸಲು ಬೀಳ್ಲಿ."

ಅವನು ಕೊಡೆ ಮಡಚಿದ. ಬಿಳಿ ಹಣೆಯ ಮೇಲೆ ಬಿಸಿಲು ಬಿತ್ತು. ಹೊರುವವರು ಹೆಗಲು ಕೊಡುವ ತನಕ ಶೇಖರಮ್ಮ ಕಣ್ಣು ಮಿಟುಕಿಸದೆ ಆ ಮುಖವನ್ನೇ ನೋಡುತ್ತ ನಿಂತಳು, ತಾಯಿ ಮೀಟರಿನ ಮುಳ್ಳು ನೋಡುತ್ತ ಕೂರುತ್ತಿದ್ದ ಹಾಗೆ.