ಸರಸಮ್ಮನ ಸಾಕ್ಷಿ

ಮಾಗಡಿಯ ಕೋರ್ಟಿನ ವರಾಂಡದಲ್ಲಿ ಧನಲಕ್ಷ್ಮಿ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿದ್ದಳು. ಗಂಡ ಮನು ಪಕ್ಕದಲ್ಲೇ ಗೋಡೆಗೆ ಒರಗಿದ್ದ. ಅವನು ರಾಮನಗರದ ಜೈಲಿನಲ್ಲಿದ್ದಾಗ ಹುಟ್ಟಿದ ಮಗು ಅದು. ಜಾಮೀನಿನ ಮೇಲೆ ಬಂದು ಇಷ್ಟು ದಿನವಾದರೂ ಅದನ್ನು ಎತ್ತಿಕೊಳ್ಳಲು ಅವನಿಗೆ ಯಾಕೋ ಅಳುಕು.

ಒಳಗಿನಿಂದ ಬಂದ ಲಾಯರ್ ದಿವ್ಯ, "ಇನ್ನೊಂದು ಕೇಸಾದ ಮೇಲೆ ನಮ್ಮದೇ" ಎಂದಳು. "ಸರಸಮ್ಮ ಬಂದಿದ್ದಾರೆ."

"ಮಗನೂ ಬಂದವ್ನಾ?" ಮನು ಕೇಳಿದ.

"ಅವನೇ ಕಾರಲ್ಲಿ ಕರೆದುಕೊಂಡು ಬಂದದ್ದು."

ಮನು ಕೋರ್ಟಿನ ಬಾಗಿಲ ಕಡೆ ನೋಡಿದ.

ಗುಡೇಮಾರನಹಳ್ಳಿಯ ಮನು ಸುತ್ತಲ ಊರುಗಳಲ್ಲಿ ಪೈಪು, ನಲ್ಲಿಯ ಕೆಲಸ ಮಾಡಿಕೊಂಡಿದ್ದವನು. ಹಿಂದಿನ ವರ್ಷ ಕಲ್ಯದ ಸರಸಮ್ಮನ ಮನೆಯ ಬಚ್ಚಲಿಗೆ ಹೊಸ ಪೈಪು ಹಾಕಿಕೊಟ್ಟಿದ್ದ. ಅದಾಗಿ ಕೆಲವು ದಿನಕ್ಕೆ ಸರಸಮ್ಮ ಸೊಸೆಯ ಜೊತೆ ಕನಕಪುರಕ್ಕೆ ಒಂದು ನಾಮಕರಣಕ್ಕೆ ಹೋಗಿ ಸಂಜೆ ವಾಪಸಾದಾಗ, ಅಡುಗೆಮನೆಯ ಮೇಲಿನ ಹೆಂಚು ತೆಗೆದಿತ್ತು, ಬೀರು ತೆರೆದಿತ್ತು, ಕಾಸಿನ ಸರ ಇರಲಿಲ್ಲ. ತಾನು ಇಡೀ ದಿನ ತೋಟದಲ್ಲಿದ್ದೆ ಎಂದ ಮಗ ಬಾಲರಾಜು, ಮನುವಿನ ಮೇಲೆ ಅನುಮಾನ ಎಂದು ದೂರು ಕೊಟ್ಟ. ಪೊಲೀಸರು ಮನುವಿನ ಮನೆ ಜಾಲಾಡಿದರು. ಸರ ಸಿಗಲಿಲ್ಲ. ದೇವರ ಗೂಡಿನಲ್ಲಿ ಒಂದು ಬೆಳ್ಳಿಯ ಕುಂಕುಮದ ಭರಣಿ ಸಿಕ್ಕಿತು. ಅದೂ ತಮ್ಮದೇ, ಕಳ್ಳತನವಾದ ದಿನ ಬೆಳಿಗ್ಗೆ ಕೂಡ ಬೀರುವಿನಲ್ಲಿ ನೋಡಿದ್ದೆ ಎಂದು ಬಾಲರಾಜು ಗುರುತಿಸಿದ. ಕೋರ್ಟಿನಲ್ಲಿ ಪ್ರಮಾಣ ಮಾಡಿಯೂ ಹಾಗೆಯೇ ಹೇಳಿದ್ದ. ಕನ್ನಗಳವಿನ ಕೇಸು ನಿಂತಿದ್ದು ಆ ಭರಣಿಯ ಮೇಲೆಯೇ.

ಧನಲಕ್ಷ್ಮಿ ಹೇಳುತ್ತಿದ್ದುದು ಬೇರೆ. ಅವಳು ಸರಸಮ್ಮನ ಕನಕಾಂಬರದ ತೋಟದಲ್ಲಿ ಹೂ ಬಿಡಿಸುತ್ತಿದ್ದವಳು. ತಾಯಿ ತೀರಿಕೊಂಡು ತವರೇ ಇಲ್ಲದಂತಾಗಿದ್ದ ಹುಡುಗಿ. ಬಸುರಿಯಾದಾಗ ಒಂದು ಮಧ್ಯಾಹ್ನ ಸರಸಮ್ಮ ಹಿತ್ತಲಿಗೆ ಕರೆದು ಮಡಿಲು ತುಂಬಿ, ಆ ಭರಣಿಯನ್ನೂ ಅದರಲ್ಲಿಟ್ಟು, "ನಮ್ಮನೇಲಿ ಯಾರಿಗೂ ಗೊತ್ತಾಗೋದು ಬ್ಯಾಡ ಕಣವ್ವ" ಎಂದಿದ್ದರಂತೆ. ಅದನ್ನು ನೋಡಿದವರು ಬೇರೆ ಯಾರೂ ಇಲ್ಲ.

ಕಾನೂನು ನೆರವಿನಿಂದ ಈ ಕೇಸು ದಿವ್ಯಳ ಪಾಲಿಗೆ ಬಂದಿತ್ತು. ಅವಳ ಸೀನಿಯರ್ ಹುಚ್ಚಯ್ಯನವರು ಫೈಲು ಓದಿ ಕನ್ನಡಕ ತೆಗೆದಿಟ್ಟಿದ್ದರು.

"ಉತ್ತರ ಏನು ಬರುತ್ತೆ ಅಂತ ಗೊತ್ತಿಲ್ಲದ ಪ್ರಶ್ನೇನ ಎದುರು ಪಕ್ಷದ ಸಾಕ್ಷಿಗೆ ಕೇಳಬಾರದಮ್ಮ. ಆಯಮ್ಮ ಮಗನ ಎದುರಿಗೆ 'ನಾನು ಕೊಟ್ಟಿಲ್ಲ' ಅಂದ್ಬುಟ್ರೆ ಅಲ್ಲಿಗೆ ಮುಗೀತು, ನಿನ್ನ ಕೈಯಾರೆ ಅವನನ್ನ ಒಳಗೆ ಕಳಿಸಿದ ಹಾಗೆ. ತಪ್ಪೊಪ್ಪಿಕೊಳ್ಳೋಕೆ ಹೇಳು. ಇದ್ದು ಬಂದ ಜೈಲೇ ಶಿಕ್ಷೆ ಅಂತ ಬಿಟ್ರೂ ಬಿಡಬಹುದು."

ದಿವ್ಯ ಅದನ್ನು ಇದ್ದದ್ದು ಇದ್ದಂತೆ ಮನುವಿಗೆ ಹೇಳಿದ್ದಳು.

"ಮಾಡ್ದೆ ಇರೋದ್ನ ಮಾಡ್ದೆ ಅಂತ ಒಪ್ಕಂಡು ಮನೇಗ್ ಹೋಗಿ ಏನ್ ಮಾಡ್ಲಿ ಮೇಡಂ?" ಎಂದಿದ್ದ ಅವನು. "ಆಮೇಕೆ ಯಾರು ನನ್ನ ಬಚ್ಚಲುಮನೆ ಒಳೀಕೆ ಬುಟ್ಕತಾರೆ? ನೀವು ಕೇಳಿ. ಆಯಮ್ಮ ಸುಳ್ಳಾಡಿದ್ರೆ ಆಡ್ಲಿ."

ಈಗ ಕರೆ ಬಂತು. ಮನು ಆರೋಪಿಯ ಜಾಗದಲ್ಲಿ ನಿಂತ. ಸರಸಮ್ಮ ಕಟಕಟೆ ಹತ್ತಿ ಸೆರಗನ್ನು ಭುಜದ ಸುತ್ತ ಬಿಗಿಯಾಗಿ ಹೊದ್ದುಕೊಂಡರು. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ತಲೆ ತಗ್ಗಿಸಿಯೇ "ಹೂಂ" ಎಂದರು. ಕನಕಪುರಕ್ಕೆ ಹೋಗಿದ್ದು ನಿಜ, ಬಂದಾಗ ಸರ ಇಲ್ಲದ್ದು ನಿಜ, ಮನು ಪೈಪು ಹಾಕಿದ್ದು ನಿಜ. ಹಿಂದಿನ ಬೆಂಚಿನಲ್ಲಿ ಬಾಲರಾಜು ಕೈ ಕಟ್ಟಿ ಕುಳಿತಿದ್ದ. ಭರಣಿಯ ಸುದ್ದಿಯನ್ನು ವಕೀಲರು ಎತ್ತಲೇ ಇಲ್ಲ. ಅದನ್ನು ಮಗನ ಬಾಯಿಂದ ಆಗಲೇ ಹೇಳಿಸಿದ್ದರು.

ದಿವ್ಯ ಎದ್ದಳು.

"ಧನಲಕ್ಷ್ಮಿ ನಿಮ್ಮ ತೋಟದಲ್ಲಿ ಹೂ ಬಿಡಿಸುತ್ತಿದ್ದರಲ್ಲವೇ?"

"ಹೂಂ."

"ಅವರು ಬಸುರಿಯಾಗಿದ್ದಾಗ ಸೀಮಂತ ಯಾರು ಮಾಡಿದರು?"

ಸರಸಮ್ಮ ಮೊದಲ ಸಲ ತಲೆ ಎತ್ತಿದರು. "ಅವ್ಳಿಗ್ಯಾರವ್ರೆ ಮಾಡಕೆ."

"ನೀವೇ ಮಡಿಲು ತುಂಬಿದಿರಿ ಎಂದರೆ ಸರಿಯೇ?"

ಹಿಂದೆ ಬಾಲರಾಜು ಕೆಮ್ಮಿದ. ಸರಸಮ್ಮನ ಬೆರಳು ಕಟಕಟೆಯ ಅಂಚನ್ನು ಹಿಡಿದುಕೊಂಡವು.

"ಉತ್ತರ ಹೇಳಿ ಅಮ್ಮ" ಎಂದರು ಮ್ಯಾಜಿಸ್ಟ್ರೇಟರು.

"ಅಕ್ಕಿ ಕೊಟ್ಟಿದ್ದೆ ಸ್ವಾಮಿ. ಬೆಲ್ಲ, ಕೊಬ್ರಿ, ರವಿಕೆ ಕಣ."

ಅಷ್ಟಕ್ಕೆ ನಿಂತಿತು. ಟೈಪಿಸ್ಟು ಬಡಿದು ಮುಗಿಸಿ ದಿವ್ಯಳ ಕಡೆ ನೋಡಿದ. ಬಾಗಿಲ ಬಳಿ ನಿಂತಿದ್ದ ಹುಚ್ಚಯ್ಯನವರು ಸಣ್ಣಗೆ ತಲೆಯಾಡಿಸಿದರು. ಇಲ್ಲಿಗೆ ಬಿಡು ಎಂಬ ಅರ್ಥ. ಬಿಟ್ಟರೆ ವಾದಕ್ಕೆ ಒಂದು ಹಿಡಿಕೆಯಾದರೂ ಉಳಿಯುತ್ತಿತ್ತು. ದಿವ್ಯ ಮನುವಿನ ಕಡೆ ತಿರುಗಿದಳು. ಅವನು ಅವಳನ್ನು ನೋಡುತ್ತಿರಲಿಲ್ಲ, ಸರಸಮ್ಮನನ್ನೇ ನೋಡುತ್ತಿದ್ದ.

"ಜಪ್ತಿಯಾದ ಭರಣಿಯನ್ನು ಸಾಕ್ಷಿಯ ಕೈಗೆ ಕೊಡಬೇಕೆಂದು ಕೋರುತ್ತೇನೆ" ಎಂದಳು.

ಗುಮಾಸ್ತ ಅರಗಿನ ಮುದ್ರೆಯ ಬಟ್ಟೆಚೀಲದಿಂದ ಭರಣಿ ತೆಗೆದು ಕೊಟ್ಟ. ಸರಸಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಬೆಳ್ಳಿ ಕಪ್ಪಿಟ್ಟಿತ್ತು. ಹೆಬ್ಬೆರಳು ತಾನಾಗಿಯೇ ಮುಚ್ಚಳದ ಮೇಲಿನ ಕಪ್ಪನ್ನು ಉಜ್ಜತೊಡಗಿತು.

"ಯಾರದಮ್ಮ ಇದು?"

"ನಮ್ಮವ್ವಂದು. ನನ್ ಧಾರೆಲಿ ಕೊಟ್ಟಿದ್ದು."

"ಇದನ್ನು ಧನಲಕ್ಷ್ಮಿಯ ಮಡಿಲಿಗೆ ನೀವೇ ಇಟ್ಟಿರಿ ಎಂದರೆ ಸರಿಯೇ?"

"ಅವ್ವಾ" ಎಂದ ಬಾಲರಾಜು ಹಿಂದಿನಿಂದ, ಮೆಲ್ಲಗೆ. "ಗ್ಯಾನ ಮಡಿಕಂಡು ಮಾತಾಡು."

ಮ್ಯಾಜಿಸ್ಟ್ರೇಟರು ಅವನನ್ನು ಹೊರಗೆ ಹೋಗುವಂತೆ ಹೇಳಿದರು. ಅವನು ಎದ್ದು, ಅಂಗಿ ಸರಿಮಾಡಿಕೊಂಡು, ತಾಯಿಯನ್ನೇ ನೋಡುತ್ತ ಹೋದ. ಬಾಗಿಲು ಮುಚ್ಚಿದ ಮೇಲೂ ಸರಸಮ್ಮ ಮುಚ್ಚಳವನ್ನು ಉಜ್ಜುತ್ತಲೇ ಇದ್ದರು. ನೀರು ಬೇಕೇ ಎಂದು ಕೇಳಿದರೆ ಬೇಡವೆಂದರು. ದಿವ್ಯ ಅವರ ತುಟಿಯನ್ನೇ ನೋಡುತ್ತಿದ್ದಳು. ಇಲ್ಲ ಎಂಬ ಒಂದು ಮಾತು ಬಂದರೆ ಸಾಕು, ಅದು ಹಾಗೆಯೇ ಟೈಪಾಗುತ್ತದೆ, ಮತ್ತೆ ಅಳಿಸುವಂತಿಲ್ಲ.

"ಸರಿ" ಎಂದರು ಸರಸಮ್ಮ. ಆಮೇಲೆ, ಆ ಒಂದು ಮಾತು ಯಾರಿಗಾದರೂ ತಿಳಿಯದೆ ಹೋದೀತು ಎಂಬಂತೆ, "ನಾನೇ ಕೊಟ್ಟಿದ್ದು. ಸೊಸೆಗೂ ಗೊತ್ತಾಗ್ದಂಗೆ ಕೊಟ್ಟೆ. ಅವ್ಳು ಕದ್ದಿಲ್ಲ, ಅವ್ಳ ಗಂಡನೂ ಕದ್ದಿಲ್ಲ. ಹೆಂಚು ತೆಗ್ಯಕೆ ಮುಂಚೇನೇ ಇದು ಅವ್ರ ಮನೇಲಿತ್ತು" ಎಂದರು.

ದಿವ್ಯ ಕುಳಿತಳು.

ಸರ್ಕಾರಿ ವಕೀಲರು ಅನುಮತಿ ಕೇಳಿ ಮತ್ತೆ ಎದ್ದರು. "ಹಾಗಿದ್ದರೆ ಪೊಲೀಸರಿಗೆ ಯಾಕಮ್ಮ ಹೇಳಲಿಲ್ಲ?"

"ಮಗ ಹೇಳ್ದ, ಅವ್ರು ಬರ್ಕಂಡ್ರು. ನಾನು ಅಲ್ಲೇ ನಿಂತಿದ್ದೆ. ಬಾಯಿ ಬರ್ನಿಲ್ಲ ಸ್ವಾಮಿ."

"ಈಗ ಆರೋಪಿಯನ್ನು ಉಳಿಸೋಕೆ ಸುಳ್ಳು ಹೇಳ್ತಿದ್ದೀರಿ."

"ಸುಳ್ಳಾಡಿ ನಂಗೇನು ಸಿಕ್ತದೆ? ಇವತ್ತು ನಾನು ಯಾವ್ ಮನೇಗ್ ಹೋಗ್ಲಿ ಹೇಳಿ."

"ಸರ ಯಾರು ತೆಗೆದರು ಹಾಗಾದರೆ?"

"ಕಣ್ಣಲ್ಲಿ ಕಾಣ್ದದ್ದ ಹೇಳಾಕಿಲ್ಲ." ಅವರು ಭರಣಿಯನ್ನು ಮೇಜಿನ ಮೇಲಿಟ್ಟರು. "ಬೀರು ಬೀಗ ಒಡ್ದಿರ್ನಿಲ್ಲ. ಕೀಲಿಕೈಯಲ್ಲಿ ತೆಗ್ದಿದ್ರು. ಆ ಕೀಲಿಕೈ ಎಲ್ಲಿ ಮಡಗ್ತೀನಿ ಅನ್ನೋದು ಮನೆಯೋರ್ಗೆ ಮಾತ್ರ ಗೊತ್ತು."

ವಕೀಲರು ಫೈಲು ಮುಚ್ಚಿ ಕುಳಿತರು.

ಹೊರಗೆ ಬಂದಾಗ ಬಾಲರಾಜುವಿನ ಕಾರು ಇರಲಿಲ್ಲ. ಒಳಗಿನ ಮಾತು ಅವನಿಗೆ ಆಗಲೇ ಮುಟ್ಟಿತ್ತು. ಸರಸಮ್ಮ ಹುಣಸೆಮರದ ಕೆಳಗಿನ ಕಲ್ಲಿನ ಮೇಲೆ ಕುಳಿತರು. ಮನು ಹೋಗಿ ಎದುರಿಗೆ ನಿಂತ.

"ಇದೇ ಮಾತ ಅವತ್ತೇ ಆಡಿದ್ರೆ ನಾನು ಜೈಲು ನೋಡ್ತಿರ್ನಿಲ್ಲ."

"ಹೂಂ ಕಣಪ್ಪ."

"ಇವ್ಳು ಒಬ್ಳೇ ಆಸ್ಪತ್ರೆಗೆ ಹೋಗಿ ಹೆತ್ಲು."

"ಗೊತ್ತು."

ಅವನು ಇನ್ನಷ್ಟು ಕೇಳಬೇಕೆಂದಿದ್ದ. ಅವರು ಯಾವುದಕ್ಕೂ ನೆಪ ಹೇಳದೆ ಕುಳಿತಿದ್ದನ್ನು ಕಂಡು ಬೇರೆ ಕಡೆ ತಿರುಗಿದ. ಧನಲಕ್ಷ್ಮಿ ಬಂದು, "ಎಲ್ಲಿಗ್ ಹೋಗ್ತೀರಿ ಅವ್ವ?" ಎಂದಳು.

"ಬೈರಾಪಟ್ಟಣಕ್ಕೆ. ನನ್ ತಂಗಿ ಅವ್ಳೆ. ಒಸಿ ದಿನ ಇರ್ತೀನಿ."

ಧನಲಕ್ಷ್ಮಿ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಹೋದಳು. ಮನು ಹೋಗಲಿಲ್ಲ.

ಎರಡು ತಿಂಗಳ ಮೇಲೆ ತೀರ್ಪು ಬಂತು. ಆರೋಪ ಸಾಬೀತಾಗಿಲ್ಲ, ಮನು ಬಿಡುಗಡೆ. ಕಾಸಿನ ಸರ ಸಿಗಲೇ ಇಲ್ಲ, ಅದನ್ನು ಹುಡುಕಿಕೊಡಿ ಎಂದು ಬಾಲರಾಜುವೂ ಮತ್ತೆ ಯಾರನ್ನೂ ಕೇಳಲಿಲ್ಲ. ಸರಸಮ್ಮ ಬೈರಾಪಟ್ಟಣದಿಂದ ಇನ್ನೂ ಬಂದಿರಲಿಲ್ಲ.

ಕೋರ್ಟಿನ ಮೆಟ್ಟಿಲ ಮೇಲೆ ಮನು ದಿವ್ಯಳಿಗೆ ಕೈ ಮುಗಿದ. ಹೋಗುವ ಮುಂಚೆ ತಡೆದು ಕೇಳಿದ: "ಆಯಮ್ಮಂಗೆ ತಿಳಿಸಿದ್ರಾ ಮೇಡಂ?"

"ಇಲ್ಲ. ನೀನೇ ತಿಳಿಸು."

ಅವನು ಸ್ವಲ್ಪ ಹೊತ್ತು ಮೊಬೈಲನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ಆಮೇಲೆ, ಪಕ್ಕದಲ್ಲಿದ್ದ ಧನಲಕ್ಷ್ಮಿ ಹೇಳಿದ ನಂಬರು ಒತ್ತಿ ಕಿವಿಗಿಟ್ಟುಕೊಂಡ. ಆ ಕಡೆ ಸರಸಮ್ಮನ ದನಿ ಕೇಳಿಸಿತು. ಫೋನನ್ನು ಹೆಂಡತಿಯ ಕೈಗೆ ಕೊಟ್ಟ.

"ನೀನ್ ಹೇಳು" ಎಂದ. "ನನ್ ಕೈಲಿ ಇವತ್ತಾಗಕಿಲ್ಲ."