ಬೀದಿಯಲ್ಲೇ ನಿಂತ ಡಾಕ್ಟರು

"ಎಲ್ಲಿ ಅಂತ ಬೆರಳಿಟ್ಟು ತೋರ್ಸಪ್ಪ" ಎಂದಳು ತಾಯಿ.

ವೆಂಕಟರವಣಪ್ಪ ಹೊಕ್ಕುಳ ತೋರಿಸಿದ. ಬೆಳಿಗ್ಗೆ ನೋವು ಅಲ್ಲಿತ್ತು. ಈಗ ಬಲಕ್ಕೆ ಇಳಿದಿತ್ತು, ಹೇಳಲಿಲ್ಲ. ಚಿಂತಾಮಣಿಯ ಹೈಸ್ಕೂಲಿನಲ್ಲಿ ಬಣ್ಣದ ಸೀಮೆಸುಣ್ಣದಿಂದ ಮನುಷ್ಯನ ಕರುಳು ಬರೆದು ತೋರಿಸುವವನಿಗೆ ತನ್ನ ಹೊಟ್ಟೆ ಯಾರದೋ ಮನೆಯಂತಿತ್ತು.

ಚಿಕ್ಕವೆಂಕಟಮ್ಮ ಮಗನಿಗೆ ಜೀರಿಗೆ ನೀರು ಕುಡಿಸಿದ್ದಳು. ಮುನೇಶ್ವರನಿಗೆ ಕೈಮುಗಿದು ಹಣೆಗೆ ವಿಭೂತಿ ಇಟ್ಟಿದ್ದಳು. ನೋವಿನ ಮುಲಾಮು ಹಚ್ಚುವಂತಿರಲಿಲ್ಲ. ನಡುಮನೆಯ ತಟ್ಟೆಗಳಲ್ಲಿ ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟುವ ಹಂತಕ್ಕೆ ಬರುತ್ತಿದ್ದವು; ಘಾಟು ತಗುಲಿದರೆ ಕಟ್ಟುವುದಿಲ್ಲ. ಹೊರಗಿನವರು ಹೊಸಿಲು ದಾಟುವಂತಿಲ್ಲ. ಆಸ್ಪತ್ರೆಗೆ ಹೋಗಿಬಂದವರಂತೂ ಗೂಡು ಬಿಡಿಸುವವರೆಗೆ ಹೊರಗೇ. ಇದನ್ನೆಲ್ಲ ಅವನು ನಂಬುತ್ತಿರಲಿಲ್ಲ. ಆದರೂ ನಿನ್ನೆ ಊರಿಗೆ ಬಂದಾಗ ಎರಡು ಸಲ ಕಾಲು ತೊಳೆದಿದ್ದ.

ತಾಯಿ ಹೇಳಿಕಳಿಸಿದ್ದ ಊರಿನ ಡಾಕ್ಟರ್ ಕೋನಪ್ಪ ಸೈಕಲ್ಲು ಒರಗಿಸಿ ಬೀದಿಯಲ್ಲೇ ನಿಂತರು. ಅವರ ಮನೆಯಲ್ಲೂ ಹುಳ ಸಾಕುತ್ತಾರೆ; ಒಳಗೆ ಬರಲೇ ಎಂದು ಕೇಳಲಿಲ್ಲ. ತಾಯಿ ಮಂಚವನ್ನು ಕಿಟಕಿಯ ಹತ್ತಿರಕ್ಕೆ ಎಳೆದಳು.

"ಎಲ್ಲಿ ನೋಯ್ತದೆ ಮೇಷ್ಟ್ರೇ?"

"ಹೀಗೇ, ಎಲ್ಲಾ ಕಡೆ."

"ಹುಡುಗ್ರು ಹಿಂಗೆ ಉತ್ತರ ಬರೆದ್ರೆ ಮಾರ್ಕ್ಸ್ ಕೊಡ್ತೀರಾ?" ಡಾಕ್ಟರು ನಕ್ಕರು. "ದೊಡ್ಡಮ್ಮ, ಏನು ಅಂತ ಗೊತ್ತಾಗೋವರ್ಗೂ ಕಾವು ಕೊಡಬೇಡ, ಹರಳೆಣ್ಣೆನೂ ಬೇಡ. ಈಗ ಬಲಗಡೆ ಕೆಳಹೊಟ್ಟೆ ಒತ್ತು. ಒತ್ತಿ ತಟ್ಟನೆ ಬಿಡು."

ಅವಳು ಒತ್ತಿದಳು. ಕೈ ಎತ್ತಿದಾಗ ಅವನ ಒಳಗೆ ಏನೋ ಕಿತ್ತುಬಂದಂತಾಯಿತು. ಹೌದು ಅಂದರೆ ಚಿಂತಾಮಣಿಯ ಆಸ್ಪತ್ರೆ, ಜೊತೆಗೆ ತಾಯಿಯೂ, ಹಣ್ಣಾದ ಹುಳ ಆರಿಸುವವರಿಲ್ಲ. ಇಲ್ಲ ಅಂದರೆ, ಅಪೆಂಡಿಕ್ಸ್ ಒಳಗೇ ಒಡೆದು ಏನಾಗಬಹುದೆಂದು ಪುಸ್ತಕದಲ್ಲಿ ಓದಿದ್ದ. ತಾಯಿ ಅವನ ಮುಖ ನೋಡುತ್ತಿರಲಿಲ್ಲ. ನಡುಮನೆಯ ಕಡೆ ನೋಡುತ್ತಿದ್ದಳು.

"ನೋವಾಯ್ತೇನಪ್ಪ?"

"ಇಲ್ಲ."

"ಇಲ್ವಂತೆ" ಎಂದು ಅವಳು ಕಿಟಕಿಗೆ ಹೇಳಿದಳು. "ನಮ್ಮ ಸ್ವಾಮಿ ಕಾಪಾಡ್ದ. ಇರಪ್ಪ, ಎಲೆಅಡಿಕೆ ತರ್ತೀನಿ" ಎಂದು ಒಳಗೆ ಹೋದಳು.

ಡಾಕ್ಟರಿಗೆ ನಂಬಿಕೆ ಬರಲಿಲ್ಲ. "ಸ್ವಲ್ಪ ಈಕಡೆ ಜರುಗಿ ಮೇಷ್ಟ್ರೇ. ನಾನೇ ನೋಡ್ತೀನಿ."

ಕಂಬಿಗಳ ನಡುವೆ ತೋಳು ತೂರಿಸಿ ಕೈ ಚಾಚಿದರು. ಬೆರಳಿಗೂ ಹೊಟ್ಟೆಗೂ ನಡುವೆ ಒಂದು ಗೇಣು. ವೆಂಕಟರವಣಪ್ಪ ಜರುಗಬೇಕಿತ್ತು. ಅವನು ಆ ಬೆರಳುಗಳನ್ನೇ ನೋಡುತ್ತ ಮಲಗಿದ್ದ.

ತಾಯಿ ಬಂದಳು. ಚಾಚಿದ ಕೈ ಕಂಡು, ಹೊರಡುವ ಅವಸರ ಅಂದುಕೊಂಡು, ಅದನ್ನು ಮೆಲ್ಲಗೆ ಅಂಗಾತ ತಿರುಗಿಸಿ ಎರಡು ಎಲೆ, ಒಂದು ಅಡಿಕೆ ಇಟ್ಟಳು. ಬೆರಳುಗಳನ್ನು ತಾನೇ ಮಡಿಸಿದಳು.

ಮುಷ್ಟಿ ಕಂಬಿಗಳ ನಡುವೆ ಒಮ್ಮೆ ಸಿಕ್ಕಿಕೊಂಡಿತು. ಆಮೇಲೆ ಆಚೆ ಸರಿಯಿತು.